ಮೊಮ್ಮಗನ ಕಥೆ ರಾತ್ರಿ ಎಂಟಕ್ಕೆ, ನಮ್ಮೂರಿನದು ಸಂಜೆ ಐದಕ್ಕೆ

ಓದುಗರ ಪ್ರಶ್ನೆ, ಲೈಬ್ರರಿ ಅಕ್ಕನ ಉತ್ತರ

ಹೋದ ಸಂಚಿಕೆಯಲ್ಲಿ ಗ್ರಂಥಾಲಯದ ಸದಸ್ಯತ್ವದ ಬಗ್ಗೆ ಬರೆದಿದ್ದೆ. ಬಂದ ಪತ್ರಗಳು ಮಾತ್ರ ಬೇರೆ ದಾರಿ ಹಿಡಿದಿವೆ. ಎಲ್ಲರಿಗೂ ಈಗ ಆನ್‌ಲೈನ್ ಕಾರ್ಯಕ್ರಮದ್ದೇ ವಿಚಾರ. ಮಕ್ಕಳಿಗೆ ಕಥೆ, ದೊಡ್ಡವರಿಗೆ ಪುಸ್ತಕ ಚರ್ಚೆ, ಹುಡುಗರಿಗೆ ಪರೀಕ್ಷೆ ತಯಾರಿ, ಎಲ್ಲ ಫೋನಿನಲ್ಲೇ, ಎಲ್ಲ ಫುಕಟ್. ಇದು ನಿಜವಾ, ನಮಗೂ ಸಿಗುತ್ತಾ ಅಂತ ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆಯಿಂದ ಕೇಳಿದ್ದಾರೆ. ಗ್ರಂಥಾಲಯದಲ್ಲೇ ಕೂದಲು ಬೆಳ್ಳಗಾದವಳು ನಾನು. ಹಾಗಾಗಿ ಸ್ವಲ್ಪ ಪಕ್ಷಪಾತ ಇರುತ್ತದೆ, ತಡಕೊಳ್ಳಿ.

ಪ್ರಶ್ನೆ: ನನ್ನ ಮಗಳು ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾಳೆ. ಅವಳ ನಾಲ್ಕು ವರ್ಷದ ಮಗ ಅಲ್ಲಿಯ ಪಬ್ಲಿಕ್ ಲೈಬ್ರರಿಯವರು ಜೂಮ್‌ನಲ್ಲಿ ಹೇಳುವ ಕಥೆ ಕೇಳುತ್ತಾನೆ. ನಮಗೂ ಲಿಂಕ್ ಕಳಿಸಿದ್ದಾಳೆ. ಇಲ್ಲಿ ನನ್ನ ಜೊತೆ ಮಗನ ಮಗಳಿದ್ದಾಳೆ, ಐದು ವರ್ಷ. ಅವಳೂ ಸೇರಬಹುದಾ? ದುಡ್ಡು ಕೇಳುತ್ತಾರಾ?
(ಕಲಬುರಗಿಯ ಬ್ರಹ್ಮಪುರದಿಂದ ಒಬ್ಬ ಅಜ್ಜಿ)

ದುಡ್ಡು ಕೇಳುವುದಿಲ್ಲ ಅವ್ವಾರೇ. ಅಲ್ಲಿಯ ಪಬ್ಲಿಕ್ ಲೈಬ್ರರಿಗಳು ಊರಿನವರ ತೆರಿಗೆ ದುಡ್ಡಿನಲ್ಲಿ ನಡೆಯುತ್ತವೆ. 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದ ಬಾಗಿಲು ಹಾಕಬೇಕಾಗಿ ಬಂದಾಗ ಕಥೆ ಹೇಳುವುದನ್ನು, ಪುಸ್ತಕ ಚರ್ಚೆಯನ್ನು ಆನ್‌ಲೈನಿಗೆ ತಂದರು. ಬಾಗಿಲು ತೆರೆದ ಮೇಲೂ ಎಷ್ಟೋ ಕಡೆ ಅದನ್ನು ಬಿಟ್ಟಿಲ್ಲ.

ಸೇರಬಹುದಾ ಅನ್ನುವುದಕ್ಕೆ ಮಾತ್ರ ಒಂದೇ ಉತ್ತರ ಇಲ್ಲ. ಒಂದೊಂದು ಲೈಬ್ರರಿಯದು ಒಂದೊಂದು ನಿಯಮ. ಕೆಲವರು ಯಾರು ಬೇಕಾದರೂ ಬನ್ನಿ ಅನ್ನುತ್ತಾರೆ. ಕೆಲವರು ಹೆಸರು ನೋಂದಾಯಿಸುವ ಫಾರಂನಲ್ಲೇ ಲೈಬ್ರರಿ ಕಾರ್ಡಿನ ನಂಬರ್ ಕೇಳುತ್ತಾರೆ. ಕೇಳಿದರೆ ಅದು ಅವರ ಊರಿನವರಿಗೆ ಅಂತ ಅರ್ಥ. ಅಲ್ಲಿಗೆ ಬಿಟ್ಟುಬಿಡಿ, ಮಗಳ ಕಾರ್ಡಿನ ನಂಬರ್ ಹಾಕಿ ನುಸುಳುವುದು ಬೇಡ. ಇ-ಪುಸ್ತಕ ಎರವಲು ಪಡೆಯುವುದಂತೂ ಇನ್ನೂ ಬಿಗಿ. ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯ ಕಾರ್ಡು ಸಿಗುವುದು ಆ ರಾಜ್ಯದಲ್ಲಿ ವಾಸ ಇರುವವರಿಗೆ, ಕೆಲಸ ಮಾಡುವವರಿಗೆ, ಓದುವವರಿಗೆ ಅಥವಾ ಅಲ್ಲಿ ಆಸ್ತಿ ತೆರಿಗೆ ಕಟ್ಟುವವರಿಗೆ ಮಾತ್ರ. ನಾವು ಕಟ್ಟುವುದು ಕಲಬುರಗಿ ಪಾಲಿಕೆಗೆ, ಅಲ್ವಾ?

ಸೇರಿಸಿಕೊಂಡರು ಅಂತಲೇ ಇಟ್ಟುಕೊಳ್ಳಿ. ಆಗ ಗಡಿಯಾರದ ತಕರಾರು ಶುರು. ನ್ಯೂಜೆರ್ಸಿಯಲ್ಲಿ ಬೆಳಿಗ್ಗೆ ಹತ್ತೂವರೆಗೆ ಕಥೆ ಶುರುವಾದರೆ ಬೇಸಿಗೆಯಲ್ಲಿ ನಮಗೆ ರಾತ್ರಿ ಎಂಟು. ಅದೇ ಚಳಿಗಾಲದಲ್ಲಿ ರಾತ್ರಿ ಒಂಬತ್ತು. ಯಾಕಂದರೆ ಮಾರ್ಚ್ ಎರಡನೇ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸುತ್ತಾರೆ, ನವೆಂಬರ್ ಮೊದಲ ಭಾನುವಾರ ಹಿಂದೆ ತಿರುಗಿಸುತ್ತಾರೆ. ಎಂಟಕ್ಕಾದರೆ ಮಗು ಊಟ ಮುಗಿಸಿ ಕೂರುತ್ತದೆ. ಒಂಬತ್ತಕ್ಕೆ ಕಣ್ಣು ಉಜ್ಜುತ್ತಿರುತ್ತದೆ. ಇನ್ನು ದೊಡ್ಡವರಿಗೆ ಅಂತ ಸಂಜೆ ಏಳಕ್ಕೆ ಇಟ್ಟ ಪುಸ್ತಕ ಚರ್ಚೆ ಬೇಸಿಗೆಯಲ್ಲಿ ನಮಗೆ ಬೀಳುವುದು ಮರುದಿನ ಬೆಳಗಿನ ಜಾವ ನಾಲ್ಕೂವರೆಗೆ. ನೀವು ಆ ಹೊತ್ತಿಗೆ ಏಳುವವರೇ ಆಗಿದ್ದರೆ ಸರಿ.

ಆಮೇಲೆ ನೋಡೋಣ, ರೆಕಾರ್ಡ್ ಇರುತ್ತದೆ ಅಂದುಕೊಳ್ಳಬೇಡಿ. ಮಕ್ಕಳ ಚಿತ್ರಪುಸ್ತಕಗಳಿಗೆ ಹಕ್ಕುಸ್ವಾಮ್ಯ ಇರುತ್ತದೆ. ನೇರವಾಗಿ ಓದಿ ಹೇಳಿದರೂ ಬಹಳಷ್ಟು ಲೈಬ್ರರಿಗಳು ಅದನ್ನು ಯೂಟ್ಯೂಬಿನಲ್ಲಿ ಉಳಿಸುವುದಿಲ್ಲ. ರೆಕಾರ್ಡ್ ಬೇಕು ಅಂದರೆ ದೊಡ್ಡ ಲೈಬ್ರರಿಗಳ ಕಡೆ ಹೋಗಿ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2001ರಿಂದ ರಾಷ್ಟ್ರೀಯ ಪುಸ್ತಕ ಹಬ್ಬ ನಡೆಸುತ್ತಿದೆ. ಅಲ್ಲಿ ಲೇಖಕರು ಮಾತಾಡಿದ ವಿಡಿಯೊಗಳು ಕಾರ್ಡು, ಫಾರಂ ಏನೂ ಇಲ್ಲದೆ ನೋಡಲು ಸಿಗುತ್ತವೆ. ಕಾಲೇಜು ಓದುವ ಮೊಮ್ಮಕ್ಕಳಿದ್ದರೆ ಅವರಿಗೆ ಹೇಳಿ.

ಐದು ವರ್ಷದ ಕೂಸಿಗೆ ಒಂದು ಮಾತು. ಒಬ್ಬಳನ್ನೇ ಫೋನಿನ ಮುಂದೆ ಕೂರಿಸಿ ನೀವು ರೊಟ್ಟಿ ಬಡಿಯಲು ಹೋಗಬೇಡಿ. ಪಕ್ಕದಲ್ಲೇ ಕೂತ್ಕೊಳ್ಳಿ. ಇಂಗ್ಲಿಷು ನಿಮಗೆ ಅರ್ಧಂಬರ್ಧ ಅರ್ಥವಾದರೂ ನಡೆಯುತ್ತದೆ. ಮುಗಿದ ಮೇಲೆ 'ಆ ಕರಡಿ ಯಾಕೆ ಅಳ್ತಿತ್ತು, ಹೇಳು' ಅಂತ ಕನ್ನಡದಲ್ಲಿ ಕೇಳಿ. ಅವಳು ಅಲ್ಲಿ ಇಲ್ಲದ್ದನ್ನೂ ಸೇರಿಸಿ ಹೇಳುತ್ತಾಳೆ. ನನಗೆ ಕೇಳಿದರೆ ಕಾರ್ಯಕ್ರಮ ಶುರುವಾಗುವುದೇ ಆವಾಗ.

ಪ್ರಶ್ನೆ: ನಾನು ಶಹಾಪುರ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದ, ಅಂದರೆ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕ. ಟಿವಿ ಇದೆ, ಒಂದು ಕಂಪ್ಯೂಟರ್ ಇದೆ, ನೆಟ್ ಆಗಾಗ ಇರುತ್ತದೆ. ನಾವೇ ಇಂಥ ಕಾರ್ಯಕ್ರಮ ಮಾಡಬಹುದಾ ಅಕ್ಕಾ? ಖರ್ಚಿಗೆ ದುಡ್ಡಿಲ್ಲ. ಯಾರನ್ನು ಕರೆಯಬೇಕು ಗೊತ್ತಿಲ್ಲ.

ಈ ಪತ್ರ ಓದಿ ಖುಷಿಯಾಯ್ತು ತಮ್ಮಾ. ಉತ್ತರ ಉದ್ದ ಆಗುತ್ತದೆ.

ಮೊದಲು ಒಂದು ತಿಳಿದುಕೋ. ಅಮೆರಿಕದ ಲೈಬ್ರರಿಯವರು ಒಬ್ಬೊಬ್ಬರನ್ನು ಅವರವರ ಮನೆಯಿಂದ ಸೇರಿಸಿಕೊಳ್ಳುತ್ತಾರೆ. ಅಲ್ಲಿ ಮನೆಮನೆಗೆ ನೆಟ್, ಮಕ್ಕಳ ಕೈಗೆ ಬೇರೆ ಟ್ಯಾಬ್. ನಿಮ್ಮೂರಿನ ಮನೆಯಲ್ಲಿ ಇರುವುದು ಒಂದು ಫೋನು, ಅದೂ ಅಪ್ಪನ ಜೇಬಲ್ಲಿ ಹೊಲಕ್ಕೋ ಯಾದಗಿರಿಗೋ ಹೋಗಿರುತ್ತದೆ. ಅದಕ್ಕೇ ಮಕ್ಕಳಿಗೆ ಲಿಂಕ್ ಕಳಿಸುವ ಯೋಚನೆ ಬಿಡು. ಮಕ್ಕಳು ಗ್ರಂಥಾಲಯಕ್ಕೇ ಬರಲಿ. ಪರದೆ ಒಂದೇ ಇರಲಿ, ಅದರ ಮುಂದೆ ಚಾಪೆ ಹಾಸು. ಮಾತಾಡುವವರು ದೂರದಲ್ಲಿ, ಕೇಳುವವರು ಒಟ್ಟಿಗೆ. ನೆಟ್ಟೂ ಒಂದೇ ಸಾಕು. ಯಾರಿಗಾದರೂ ಅರ್ಥ ಆಗದಿದ್ದರೆ ಪಕ್ಕದವನನ್ನು ಚಿವುಟಿ ಕೇಳುತ್ತಾರೆ. ಮನೆಯಲ್ಲಿ ಒಬ್ಬನೇ ಕೂತ ಹುಡುಗ ಯಾರನ್ನು ಚಿವುಟಬೇಕು?

ಖರ್ಚಿನ ಮಾತು. ಜೂಮ್ ಫ್ರೀ ಖಾತೆಯಲ್ಲಿ ಸಭೆ 40 ನಿಮಿಷಕ್ಕೆ ಮುಗಿಯುತ್ತದೆ. ಗೂಗಲ್ ಮೀಟ್‌ನಲ್ಲಿ ಮೂರು ಜನ ಅಥವಾ ಜಾಸ್ತಿ ಇದ್ದರೆ 60 ನಿಮಿಷ. ಎರಡರಲ್ಲೂ ನೂರು ಜನ ಸೇರಬಹುದು. ನಲವತ್ತು ನಿಮಿಷ ಕಡಿಮೆ ಅನ್ನಿಸುತ್ತಾ? ಸಣ್ಣ ಮಕ್ಕಳಿಗೆ ಅದೇ ಜಾಸ್ತಿ. ಇಪ್ಪತ್ತು ನಿಮಿಷ ಕಥೆ, ಹತ್ತು ನಿಮಿಷ ಪ್ರಶ್ನೆ, ಉಳಿದದ್ದು 'ಸರ್ ಕೇಳಿಸ್ತಿಲ್ಲ', 'ಮ್ಯೂಟ್ ತೆಗೀರಿ' ಅನ್ನುವುದಕ್ಕೆ ಹೋಗುತ್ತದೆ.

ಕಥೆಗೆ ಪುಸ್ತಕ ಎಲ್ಲಿಂದ ತರೋದು ಅಂದರೆ, ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಅನ್ನುವ ಜಾಲತಾಣ ನೋಡು. 2015ರಿಂದ ಇದೆ. ಕನ್ನಡದ ಚಿತ್ರಕಥೆಗಳು ಬೇಕಾದಷ್ಟು, ತೆಲುಗು, ಉರ್ದು, ಮರಾಠಿಯವೂ ಇವೆ. ಗುರುಮಿಠಕಲ್ ಕಡೆ ತೆಲುಗು ಕಥೆ ಹಾಕು, ಮಕ್ಕಳ ಮುಖ ನೋಡು. ಓದುವ ಶಕ್ತಿಗೆ ತಕ್ಕಂತೆ ಹಂತ ಮಾಡಿಟ್ಟಿದ್ದಾರೆ. ಮುಖ್ಯ ಅಂದರೆ ಅವು ಮುಕ್ತ ಪರವಾನಗಿಯ ಪುಸ್ತಕಗಳು. ಬರೆದವರ, ಚಿತ್ರ ಬಿಡಿಸಿದವರ, ಅನುವಾದ ಮಾಡಿದವರ ಹೆಸರು ಹೇಳಿ ನೀನು ಆನ್‌ಲೈನಿನಲ್ಲಿ ಓದಬಹುದು, ರೆಕಾರ್ಡೂ ಮಾಡಬಹುದು. ಬೇರೆ ಪ್ರಕಾಶಕರ ಪುಸ್ತಕ ಎತ್ತಿಕೊಂಡು ಪೂರ್ತಿ ಓದಿ ಯೂಟ್ಯೂಬಿಗೆ ಹಾಕಬೇಡ, ಅವರ ಅನುಮತಿ ಬೇಕು. ನೆಟ್ ಕೈಕೊಡುವ ಊರಲ್ಲವಾ, ಕಥೆಯನ್ನು ಹಿಂದಿನ ದಿನವೇ ಡೌನ್‌ಲೋಡ್ ಮಾಡಿಟ್ಟುಕೋ.

ನೀನೇ ಫೋನಿನ ಮುಂದೆ ಪುಸ್ತಕ ಹಿಡಿದು ಓದುವುದಾದರೆ ಎರಡು ಸಂಗತಿ ಗಮನಿಸು. ಪುಸ್ತಕದ ಹಾಳೆ ನುಣುಪಾಗಿದ್ದರೆ ಟ್ಯೂಬ್‌ಲೈಟ್ ಅದರ ಮೇಲೆ ಬಿದ್ದು ಚಿತ್ರದ ನಡುವೆ ಬೆಳ್ಳನೆ ಪಟ್ಟಿ ಬರುತ್ತದೆ. ಲೈಟಿಗೆ ಬೆನ್ನು ಮಾಡಬೇಡ, ಎದುರೂ ಬೇಡ, ಕಿಟಕಿಯ ಪಕ್ಕಕ್ಕೆ ಕೂತು ಪುಸ್ತಕವನ್ನು ಸ್ವಲ್ಪ ಮುಂದಕ್ಕೆ ಬಾಗಿಸು. ಇನ್ನೊಂದು, ಮುಂದಿನ ಕ್ಯಾಮೆರಾದಲ್ಲಿ ನಿನ್ನ ಪರದೆಯ ಮೇಲೆ ಅಕ್ಷರ ಎಲ್ಲ ಕನ್ನಡಿಯಲ್ಲಿ ಕಂಡಹಾಗೆ ಉಲ್ಟಾ ಕಾಣುತ್ತದೆ. ಎಷ್ಟೋ ಜನ ಗಾಬರಿಯಾಗಿ ಪುಸ್ತಕವನ್ನು ಆ ಕಡೆ ಈ ಕಡೆ ತಿರುಗಿಸುತ್ತಾರೆ. ಅದು ನಿನಗೆ ಮಾತ್ರ ಹಾಗೆ. ನೋಡುವವರಿಗೆ ಸರಿಯಾಗಿಯೇ ಕಾಣುತ್ತದೆ, ಸುಮ್ನೆ ಓದುತ್ತಾ ಹೋಗು.

ಟಿವಿಯ ಸದ್ದು ಕಡಿಮೆಯಾದರೆ? ಒಂದು ಊರಿನಲ್ಲಿ ನೋಡಿದ್ದು ಹೇಳುತ್ತೇನೆ. ಸ್ಪೀಕರ್ ಕೆಟ್ಟಿತ್ತು. ಅಲ್ಲಿಯ ಮೇಲ್ವಿಚಾರಕಿ ಪಕ್ಕದ ಅಂಗನವಾಡಿಯಿಂದ ಅಗಲ ಬಾಯಿಯ ಒಂದು ಸ್ಟೀಲ್ ತಪ್ಪೇಲಿ ತರಿಸಿ, ಫೋನನ್ನು ಅದರೊಳಗೆ ನಿಲ್ಲಿಸಿ, ಬಾಯಿಯನ್ನು ಮಕ್ಕಳ ಕಡೆ ಓರೆ ಮಾಡಿಟ್ಟಳು. ದನಿ ಸ್ವಲ್ಪ ಲೋಹದ್ದಾಯಿತು, ಆದರೆ ಹಿಂದಿನ ಸಾಲಿನವರೆಗೆ ಕೇಳಿಸಿತು. ಆ ದಿನದ ಕಥೆಯಲ್ಲಿ ರಾಕ್ಷಸ ಬೇರೆ ಇದ್ದ. ಅವನ ಮಾತಿಗೆ ತಪ್ಪೇಲಿಯ ದನಿ ಹೇಳಿ ಮಾಡಿಸಿದ ಹಾಗಿತ್ತು.

ಯಾರನ್ನು ಕರೆಯೋದು ಅಂತ ಕೇಳಿದ್ದೀಯಲ್ಲ. ದೊಡ್ಡ ಹೆಸರಿನವರ ಹಿಂದೆ ಬೀಳಬೇಡ. ಕೃಷಿ ವಿಜ್ಞಾನ ಕೇಂದ್ರ ನಮ್ಮ ಮೂರೂ ಜಿಲ್ಲೆಗಳಲ್ಲಿ ಇದೆ. ತೊಗರಿಗೆ ನೆಟೆ ರೋಗ ಬಿದ್ದ ವರ್ಷ ರೈತರು ಗಿಡ ಕಿತ್ತುಕೊಂಡು ಅಲ್ಲಿಗೆ ಅಲೆಯುತ್ತಾರೆ. ಅದರ ಬದಲು ವಿಜ್ಞಾನಿಯನ್ನು ಅರ್ಧ ಗಂಟೆ ವಿಡಿಯೊದಲ್ಲಿ ಕರೆ, ಒಣಗಿದ ಗಿಡವನ್ನು ಬೇರು ಸಮೇತ ಕ್ಯಾಮೆರಾಗೆ ತೋರಿಸು, ಕಾಂಡ ಸೀಳಿ ಒಳಗಿನ ಕಪ್ಪು ಗೆರೆ ತೋರಿಸು. ಆ ದಿನ ನಿನ್ನ ಗ್ರಂಥಾಲಯಕ್ಕೆ ಎಂದೂ ಕಾಲಿಡದ ಗಂಡಸರು ಬರುತ್ತಾರೆ. ಬಂದವರಿಗೆ ಪೇಪರ್ ಇರುವ ಜಾಗ ತೋರಿಸಿಬಿಡು. ಹೆಣ್ಣುಮಕ್ಕಳಿಗೆ ಮಧ್ಯಾಹ್ನದ ಹೊತ್ತು ಇಡು, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಮ್ಮನ ಜೊತೆ ಮಾತು. ಕಿಟಕಿ ಹಾಕಿಕೊಂಡು, ನೀನು ಹೊರಗೆ ಹೋಗಿ ನಿಲ್ಲು. ಇಲ್ಲದಿದ್ದರೆ ಕೇಳಬೇಕಾದ್ದನ್ನು ಯಾರೂ ಕೇಳುವುದಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದ ಕೆಲಸ ಇನ್ನೊಂದು. ಔರಾದ್ ಕಡೆಯ ಒಂದು ಅರಿವು ಕೇಂದ್ರದ ಜೊತೆ ಜೋಡಿ ಮಾಡಿಕೋ. ಒಂದು ವಾರ ನಿಮ್ಮ ಮಕ್ಕಳು ಕಥೆ ಹೇಳಲಿ, ಮುಂದಿನ ವಾರ ಅವರು. ಅವರ ಕನ್ನಡದಲ್ಲಿ ಮರಾಠಿ ಬೆರೆತಿರುತ್ತದೆ, ನಿಮ್ಮವರು ನಗುತ್ತಾರೆ. ಅವರೂ ನಗುತ್ತಾರೆ. ಅದಕ್ಕೆ ಒಂದು ಪೈಸೆ ಖರ್ಚಿಲ್ಲ.

2019ರಲ್ಲಿ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು. ಮರುವರ್ಷ ನವೆಂಬರ್ 14ಕ್ಕೆ 'ಓದುವ ಬೆಳಕು' ಅನ್ನುವ ಕಾರ್ಯಕ್ರಮ ಶುರುವಾಗಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತವಾಯಿತು. ಆ ಸದಸ್ಯರ ಪಟ್ಟಿ ನಿನ್ನ ರಿಜಿಸ್ಟರ್‌ನಲ್ಲೇ ಇದೆ. ಮೊದಲ ಕಾರ್ಯಕ್ರಮಕ್ಕೆ ಅವರನ್ನೇ ಕರೆ. ಸಮಯ ಸಂಜೆ ಐದು. ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ ಬೆಳಿಗ್ಗೆ ಎಂಟಕ್ಕೆ ಬದಲಾಯಿಸು, ನಮ್ಮ ಬಿಸಿಲಿಗೆ ತಗಡಿನ ಕೆಳಗೆ ಯಾರೂ ಕೂರುವುದಿಲ್ಲ. ಒಂದು ಸಲ ದಿನ ಗೊತ್ತು ಮಾಡಿದರೆ, ಎರಡೇ ಮಕ್ಕಳು ಬಂದರೂ ನಡೆಸು.

ಪ್ರಶ್ನೆ: ಪಿಡಿಒ, ಎಫ್‌ಡಿಎ ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುತ್ತಿದ್ದೇನೆ. ಕಲಬುರಗಿಗೆ ಬಂದು ಕೋಚಿಂಗ್ ಸೇರುವಷ್ಟು ಅನುಕೂಲ ಇಲ್ಲ. ಉಚಿತವಾಗಿ ಆನ್‌ಲೈನಿನಲ್ಲಿ ಏನು ಸಿಗುತ್ತದೆ?
(ಸೇಡಂ)

ಸಿಗುವುದು ಜಾಸ್ತಿಯಾಗಿರುವುದೇ ಈಗಿನ ತೊಂದರೆ. ಮೂರೇ ಹೇಳುತ್ತೇನೆ. ರಾಜ್ಯದ ಗ್ರಂಥಾಲಯ ಇಲಾಖೆ 2020ರಲ್ಲಿ ಶುರು ಮಾಡಿದ ಕರ್ನಾಟಕ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯಕ್ಕೆ ಹೆಸರು ನೋಂದಾಯಿಸು, ದುಡ್ಡಿಲ್ಲ. ಐಐಟಿ ಖರಗ್‌ಪುರದವರು ಕಟ್ಟಿದ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯದಲ್ಲಿ ಪುಸ್ತಕ, ಹಳೇ ಪ್ರಶ್ನೆಪತ್ರಿಕೆ ಹುಡುಕು. ಸಂವಿಧಾನ, ಅರ್ಥಶಾಸ್ತ್ರದಂಥ ವಿಷಯಕ್ಕೆ ಕೇಂದ್ರ ಸರ್ಕಾರದ 'ಸ್ವಯಂ' ಪೋರ್ಟಲ್‌ನ ಪಾಠ ಕೇಳು. ಪಾಠ ಉಚಿತ, ಸರ್ಟಿಫಿಕೇಟ್ ಬೇಕಾದರೆ ಮಾತ್ರ ಪರೀಕ್ಷೆಗೆ ಶುಲ್ಕ.

ಉಳಿದ ಚಾನೆಲ್‌ಗಳನ್ನೆಲ್ಲ ಸಬ್‌ಸ್ಕ್ರೈಬ್ ಮಾಡಿಕೊಂಡು ಕೂತರೆ ಓದಿದ ಹಾಗೆ ಅನ್ನಿಸುತ್ತದೆ, ಓದಿರುವುದಿಲ್ಲ. ಸಂವಿಧಾನದ 371ಜೆ ವಿಧಿಯ ಮೀಸಲಾತಿ ನಮ್ಮ ಭಾಗಕ್ಕೆ ಇದೆ ನಿಜ. ಆದರೆ ಅದರೊಳಗೆ ಪೈಪೋಟಿ ಮಾಡುವವರು ನಮ್ಮವರೇ. ಸೇಡಂ ಗ್ರಂಥಾಲಯದಲ್ಲಿ ನಿನ್ನ ಹಾಗೆ ಓದುವ ನಾಲ್ಕು ಜನ ಸಿಕ್ಕೇ ಸಿಗುತ್ತಾರೆ. ಒಟ್ಟಿಗೆ ಒಂದು ಪಾಠ ಕೇಳಿ, ಫೋನ್ ಬದಿಗಿಟ್ಟು ಒಬ್ಬರಿಗೊಬ್ಬರು ಪ್ರಶ್ನೆ ಹಾಕಿ. ಹೊರಗೆ ಬಂದು ಸುಸಲಾ, ಮಿರ್ಚಿ ತಿನ್ನುವಾಗಲೂ ಅದೇ ಜಗಳ ನಡೆಯಲಿ. ಮಳಖೇಡ ಪಕ್ಕದಲ್ಲೇ ಇಟ್ಟುಕೊಂಡು ರಾಷ್ಟ್ರಕೂಟರ ಪ್ರಶ್ನೆ ತಪ್ಪು ಮಾಡಿದರೆ ಮಾತ್ರ ನನಗೆ ಸಿಟ್ಟು ಬರುತ್ತದೆ.

ಪ್ರಶ್ನೆ: 'ಎಲ್ಲ ವಯಸ್ಸಿನವರಿಗೆ' ಅನ್ನುತ್ತಾರೆ, ನೋಡಿದರೆ ಮಕ್ಕಳಿಗೆ ಇಲ್ಲ ನೌಕರಿ ಹುಡುಕುವವರಿಗೆ. ನಾನು ನಿವೃತ್ತ ಮಾಸ್ತರ, 74 ವರ್ಷ. ಕಣ್ಣು ಮಂದವಾಗಿದೆ, ಸಣ್ಣ ಅಕ್ಷರ ಓದಲಾಗುವುದಿಲ್ಲ. ನಮ್ಮಂಥವರಿಗೆ ಏನಿದೆ?
(ಬೀದರ್)

ಮಾಸ್ತರೇ, ನಮಸ್ಕಾರ. ನಿಮ್ಮ ದೂರು ನ್ಯಾಯವಾದದ್ದು. ಪೋಸ್ಟರಿನಲ್ಲಿ ಅಜ್ಜನ ಚಿತ್ರ ಇರುತ್ತದೆ, ಕಾರ್ಯಕ್ರಮದಲ್ಲಿ ಅಜ್ಜನಿಗೆ ಕುರ್ಚಿ ಇರುವುದಿಲ್ಲ.

ಕಣ್ಣಿನ ತೊಂದರೆಯಿಂದ ಅಚ್ಚಾದ ಪುಸ್ತಕ ಓದಲಾಗದವರಿಗೆ 'ಸುಗಮ್ಯ ಪುಸ್ತಕಾಲಯ' ಅನ್ನುವ ಆನ್‌ಲೈನ್ ಗ್ರಂಥಾಲಯ 2016ರಿಂದ ಇದೆ. ಫೋನು ಓದಿ ಹೇಳುವಂಥ ರೂಪದಲ್ಲಿ ಪುಸ್ತಕ ಕೊಡುತ್ತಾರೆ. ಓದಲಾಗದು ಅನ್ನುವುದಕ್ಕೆ ದಾಖಲೆ ಕೇಳುತ್ತಾರೆ, ಕಣ್ಣಿನ ಡಾಕ್ಟರ ಹತ್ತಿರ ಮಾತಾಡಿ. ಹೋದಾಗ ಪೊರೆ ಬಂದಿದೆಯಾ ಅಂತಲೂ ತೋರಿಸಿಕೊಳ್ಳಿ. ಪೊರೆ ಆಗಿದ್ದರೆ ಆಪರೇಷನ್ ಮಾಡಿಸಿಕೊಂಡು ಮತ್ತೆ ಪುಸ್ತಕವನ್ನೇ ಹಿಡಿಯಬಹುದು. ಇಂಗ್ಲಿಷ್ ಕೇಳುವ ಹವ್ಯಾಸ ಇದ್ದರೆ ಲಿಬ್ರಿವಾಕ್ಸ್‌ನಲ್ಲಿ ಹಕ್ಕುಸ್ವಾಮ್ಯ ಮುಗಿದ ಹಳೇ ಪುಸ್ತಕಗಳನ್ನು ಸ್ವಯಂಸೇವಕರು ಓದಿ ಇಟ್ಟಿದ್ದಾರೆ, ಪೂರ್ತಿ ಉಚಿತ.

ವಿಡಿಯೊ ಸಭೆಗೆ ಸೇರುವಾಗ ನಿಮ್ಮ ಕ್ಯಾಮೆರಾ ಆಫ್ ಮಾಡಿ, ಡೇಟಾ ಉಳಿಯುತ್ತದೆ. ಕಿವಿಗೆ ಇಯರ್‌ಫೋನ್ ಹಾಕಿ. ಫೋನಿನಲ್ಲಿ ಅಕ್ಷರ ದೊಡ್ಡದು ಮಾಡುವುದನ್ನು ಮೊಮ್ಮಕ್ಕಳಿಂದ ಕಲಿತುಕೊಳ್ಳಿ.

ಇದು ಕೇಳುವವರ ಪಾಲಿಗಾಯಿತು. ನನಗೆ ಆಸೆ ಇರುವುದು ಹೇಳುವವರ ಪಾಲಿಗೆ ನೀವು ಬರಬೇಕು ಅಂತ. ನಿಮ್ಮ ಊರಿನಲ್ಲಿ ಮಹಮೂದ್ ಗವಾನ್ 1472ರಲ್ಲಿ ಮದರಸಾ ಕಟ್ಟಿಸಿದಾಗ ಅದರಲ್ಲಿ ದೊಡ್ಡ ಗ್ರಂಥಾಲಯವೂ ಇತ್ತು. ಆ ಕಟ್ಟಡದ ಅಂಗಳದಲ್ಲಿ ಆಡಿ ಬೆಳೆದವರ ನೆನಪು ಯಾವ ಆ್ಯಪಿನಲ್ಲೂ ಇಲ್ಲ. ಹತ್ತಿರದ ಗ್ರಂಥಾಲಯಕ್ಕೆ ಹೋಗಿ 'ವಾರಕ್ಕೊಂದು ದಿನ ಅರ್ಧ ಗಂಟೆ ಮಕ್ಕಳಿಗೆ ಹಳೇ ಬೀದರಿನ ಮಾತು ಹೇಳುತ್ತೇನೆ, ಬೇರೆ ಊರಿನ ಮಕ್ಕಳಿಗೂ ಫೋನಿನಲ್ಲಿ ಕೇಳಿಸಿ' ಅನ್ನಿ. ಮಾಸ್ತರರಿಗೆ ಕಣ್ಣು ಮಂದವಾಗಬಹುದು, ದನಿ ಎಲ್ಲಿ ಹೋಗುತ್ತದೆ?

ಪ್ರಶ್ನೆ: ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ 'ಗ್ರಂಥಾಲಯದ ಉಚಿತ ಬೇಸಿಗೆ ಶಿಬಿರ, ಆನ್‌ಲೈನ್' ಅಂತ ಲಿಂಕ್ ಬಂತು. ತೆರೆದರೆ ಒಂದು ಆ್ಯಪ್ ಫೈಲ್ ಹಾಕಿಕೊಳ್ಳಿ, ಸರ್ಟಿಫಿಕೇಟಿಗೆ 99 ರೂಪಾಯಿ ಕಟ್ಟಿ ಅನ್ನುತ್ತದೆ. ಕಟ್ಟಲಾ?
(ಹುಮನಾಬಾದಿನ ತಾಯಿಯೊಬ್ಬರು)

ಕಟ್ಟಬೇಡಿ. ಆ ಫೈಲನ್ನೂ ಹಾಕಿಕೊಳ್ಳಬೇಡಿ. ವಾಟ್ಸ್‌ಆ್ಯಪಿನಲ್ಲಿ ಬಂದ ಎಪಿಕೆ ಫೈಲ್ ಹಾಕಿಕೊಂಡರೆ ನಿಮ್ಮ ಮೆಸೇಜು, ಒಟಿಪಿ ಎಲ್ಲ ಬೇರೆಯವರ ಕೈಗೆ ಹೋಗಬಹುದು. ಸಾರ್ವಜನಿಕ ಗ್ರಂಥಾಲಯ ಕಥೆ ಹೇಳುವುದಕ್ಕೆ ನಿಮ್ಮ ಬ್ಯಾಂಕಿನ ಒಟಿಪಿ ಕೇಳುವುದಿಲ್ಲ. ಆಗಲೇ ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಗ್ರೂಪಿಗೆ ಯಾರು ಹಾಕಿದರೋ ಅವರಿಗೂ ತಿಳಿಸಿ. ಪಾಪ, ಅವರೂ ಒಳ್ಳೇದಕ್ಕೇ ಹಾಕಿರುತ್ತಾರೆ.

ಪ್ರಶ್ನೆ: ನಮ್ಮ ಊರಿನ ಗ್ರಂಥಾಲಯಕ್ಕೆ ಹೋಗಿ 'ನೀವೂ ಆನ್‌ಲೈನ್ ಕಾರ್ಯಕ್ರಮ ಇಡಿ' ಅಂದೆ. 'ಫುಕಟ್ ಕೆಲಸಕ್ಕೆ ಯಾರು ಬರ್ತಾರ್ರೀ' ಅಂದರು. ಸುಮ್ಮನಾದೆ. ಏನು ಹೇಳಬೇಕಿತ್ತು?
(ಆಳಂದ)

ಸುಮ್ಮನಾಗಬಾರದಿತ್ತು ಅಣ್ಣಾ. ಮನೆಗೆ ಹೋಗಿ ಪುರಸಭೆಯ ಆಸ್ತಿ ತೆರಿಗೆ ರಸೀದಿ ತೆಗೆಯಿರಿ. ತೆರಿಗೆಯ ಕೆಳಗೆ ಉಪಕರ ಅಂತ ಇರುತ್ತದೆ. ಆರೋಗ್ಯ, ಗ್ರಂಥಾಲಯ, ಭಿಕ್ಷುಕರ ಪುನರ್ವಸತಿ. ಗ್ರಂಥಾಲಯದ್ದು ನೂರಕ್ಕೆ ಆರು. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ವಸೂಲಾಗುವ ದುಡ್ಡು ಅದು. ನೀವು ಕಟ್ಟುತ್ತಲೇ ಇದ್ದೀರಿ, ಎಷ್ಟೋ ವರ್ಷದಿಂದ. ಬಾಡಿಗೆ ಮನೆಯಲ್ಲಿದ್ದರೆ ಬಾಡಿಗೆಯೊಳಗೆ ಸೇರಿಸಿ ಕಟ್ಟುತ್ತಿದ್ದೀರಿ.

ಆ ರಸೀದಿಯ ಝೆರಾಕ್ಸ್ ಹಚ್ಚಿ ಒಂದು ಅರ್ಜಿ ಬರೆಯಿರಿ. ಜಗಳದ ಮಾತು ಬೇಡ, ಎದುರಿಗೆ ಕೂತವರಿಗೂ ಕೆಲಸ ಮಾಡಲು ಜನ ಕಡಿಮೆ ಇರುತ್ತಾರೆ. 'ಎಲ್ಲ ವಯಸ್ಸಿನವರಿಗೆ ಕಾರ್ಯಕ್ರಮ ಇಡಿ' ಅಂತ ಬರೆದರೆ ಕಡತಕ್ಕೆ ಹೋಗುತ್ತದೆ. ಹೀಗೆ ಬರೆಯಿರಿ: ತಿಂಗಳ ಎರಡನೇ ಶನಿವಾರ ಸಂಜೆ ಐದಕ್ಕೆ ವಾಚನಾಲಯದ ಟಿವಿಯಲ್ಲಿ 40 ನಿಮಿಷದ ಕಥಾ ಕಾರ್ಯಕ್ರಮಕ್ಕೆ ಅವಕಾಶ ಕೊಡಿ, ಕಥೆ ಸ್ಟೋರಿವೀವರ್‌ನಿಂದ ನಾವೇ ಆರಿಸುತ್ತೇವೆ, ಫೋನು ನಮ್ಮದೇ, ಚಾಪೆ ನಮ್ಮದೇ, ಮುಗಿದ ಮೇಲೆ ಕಸ ಗುಡಿಸಿ ಬೀಗ ಕೊಡುತ್ತೇವೆ. ಕೆಳಗೆ ಹತ್ತು ಮನೆಯವರ ಸಹಿ ಹಾಕಿಸಿ. ಒಂದು ಪ್ರತಿಯನ್ನು ಕಲಬುರಗಿಯ ಜಿಲ್ಲಾ ಕೇಂದ್ರ ಗ್ರಂಥಾಲಯದ ಅಧಿಕಾರಿಗಳಿಗೆ ಕಳಿಸಿ, ಇನ್ನೊಂದರ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಂಡು ನಿಮ್ಮ ಹತ್ತಿರ ಇಟ್ಟುಕೊಳ್ಳಿ.